ಬರೆದ ಕಣ್ಣು

"ನಾ ಸತ್ತಮ್ಯಾಲ ತೆಗೀಬ್ಯಾಡ್ರಿ ಸ್ವಾಮ್ಯಾರ. ತೆಗೀತೀರಿ ಅಂದ್ರ ಈಗೇ ತೆಗೀರಿ, ಜೀವ ಇದ್ದಾಗ."

ಇಷ್ಟು ಹೇಳಿ ಭಾಗಮ್ಮ ಝೆರಾಕ್ಸ್ ಮಷೀನಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಇನ್ನಷ್ಟು ಗಟ್ಟಿಯಾಗಿ ಕೂತಳು. ಸೇಡಂ ಬಸ್ ನಿಲ್ದಾಣದ ಎದುರಿಗಿದ್ದ ಆ ಅಂಗಡಿಗೆ ಅವಳು ಕುರಕುಂಟಾದಿಂದ ಬಂದದ್ದು ಫೋಟೋ ತೆಗೆಸಿಕೊಳ್ಳಲಿಕ್ಕಲ್ಲ. ಗಂಡ ವಾಡಿಯಲ್ಲಿ ರೈಲ್ವೆ ಗ್ಯಾಂಗ್‌ಮನ್ ಆಗಿದ್ದವನು. ಅವನ ಪಿಂಚಣಿ ನಿಲ್ಲಬಾರದೆಂದರೆ ಪ್ರತಿ ನವೆಂಬರಿನಲ್ಲಿ ತಾನು ಬದುಕಿದ್ದೇನೆ ಎಂದು ತೋರಿಸಬೇಕು. ಮೊದಲಾದರೆ ಹೋಗಿ ಹೆಬ್ಬೆಟ್ಟು ಒತ್ತಿದರೆ ಮುಗಿಯುತ್ತಿತ್ತು. ಈಗ ಫೋನು ಮುಖ ನೋಡುತ್ತದೆ. ನೋಡಿ, ಕಣ್ಣು ಮಿಟುಕಿಸಿ ಎನ್ನುತ್ತದೆ.

"ಆಗಿನಿಂದ ಪಿಳಿಪಿಳಿ ಮಾಡಾಕತ್ತೀನಿ. ನಾ ಬದುಕೀನಿ ಅಂತ ನಿನ್ನ ಫೋನಿಗಿ ನಂಬಿಕಿನೇ ಬರವಲ್ದಲ್ಲ ತಂಗಿ," ಎಂದು ಅವಳು ಅಂಗಡಿಯ ರಾಜೇಶ್ವರಿಯನ್ನು ಛೇಡಿಸಿದ್ದಳು. ನಾಲ್ಕನೆಯ ಸಲಕ್ಕೆ ಫೋನು ಒಪ್ಪಿತ್ತು. ಕೆಲಸ ಮುಗಿದಿತ್ತು. ಆದರೂ ಅವಳು ಏಳಲಿಲ್ಲ. ಅವಳ ಕಣ್ಣು ಕೌಂಟರಿನ ತುದಿಯಲ್ಲಿದ್ದ ಎರಡು ಲೆನ್ಸಿನ ಹಳೆಯ ಯಾಶಿಕಾ ಕ್ಯಾಮೆರಾದ ಮೇಲೆ ಬಿದ್ದಿತ್ತು, ಅಲ್ಲಿಂದ ಅದರ ಹಿಂದೆ ಕೂತಿದ್ದ ರಾಜೇಶ್ವರಿಯ ಅಪ್ಪ ರೇವಣಸಿದ್ದಯ್ಯನ ಮೇಲೆ.

ಅರವತ್ತೇಳರ ರೇವಣಸಿದ್ದಯ್ಯ ಆ ವಾರ ಹೊಸ ಮದುಮಗನಂತೆ ಓಡಾಡುತ್ತಿದ್ದ. ಈ ಅಂಗಡಿ ಒಂದು ಕಾಲಕ್ಕೆ ಅವನ ಸ್ಟುಡಿಯೋ. ಮೊಬೈಲು ಬಂದು ಸ್ಟುಡಿಯೋ ಮುಚ್ಚಿ, ಮಗಳು ಅದನ್ನು ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ ಮಾಡಿಕೊಂಡಿದ್ದಳು. ಹಿಂದಿನ ಕತ್ತಲ ಕೋಣೆಯನ್ನು ಮಾತ್ರ ಅವನು ಬಿಟ್ಟುಕೊಟ್ಟಿರಲಿಲ್ಲ. ಅಲ್ಲಿ ಕಾಗದದ ರೀಮುಗಳ ಹಿಂದೆ ಫೋಟೋ ದೊಡ್ಡದು ಮಾಡುವ ಎನ್‌ಲಾರ್ಜರು ದುಪ್ಪಟಿ ಹೊದ್ದು ನಿಂತಿತ್ತು.

ಕಳೆದ ರವಿವಾರ ಪ್ರಮಿತಾ ಬಂದಿದ್ದಳು. ಚಿತ್ತಾಪುರದ ಪಾಂಡುರಂಗ ಮಾಸ್ತರರ ಮೊಮ್ಮಗಳು, ಕಲಬುರಗಿಯಲ್ಲಿ ಚಿತ್ರಕಲೆ ಕಲಿಸುವವಳು. ಅವಳ ಚೀಲದಲ್ಲಿ ಅಜ್ಜನ ಮಡಚುವ ಕ್ಯಾಮೆರಾ ಇತ್ತು; ಹಾರ್ಮೋನಿಯಮ್ಮಿನ ತಿದಿಯಂತೆ ಎಳೆದರೆ ಉದ್ದ ಆಗುವಂಥದು. ಜೊತೆಗೆ ಎರಡು ರೋಲ್ ಕಪ್ಪು-ಬಿಳುಪು ಫಿಲ್ಮು. ಹಳೆಯ ದಾಸ್ತಾನಲ್ಲ, ಯಾವುದೋ ದೇಶದ ಕಾರ್ಖಾನೆಯವರು ಈ ವರ್ಷವೇ ಹೊಸದಾಗಿ ತಯಾರಿಸಿದ್ದು.

"ಕಾಕಾ, ಹಳೀ ಕ್ಯಾಮೆರಾದಾಗ ಇದು ಹ್ಯಾಂಗ ಬರ್ತದ ನೋಡ್ಬೇಕ್ರಿ. ಒಂದು ರೋಲು ಅಜ್ಜನ ಕ್ಯಾಮೆರಾಕ್ಕ, ಒಂದು ನಿಮ್ಮ ಯಾಶಿಕಾಕ್ಕ. ಏನ್ ಬೇಕಾದ್ದು ತೆಗೀರಿ, ಆದ್ರ ಎಲ್ಲಾ ಬರೆದಿಡ್ರಿ."

ಮಾಸ್ತರರ ಕ್ಯಾಮೆರಾದ ರೋಲು ಎರಡೇ ದಿನಕ್ಕೆ ಕೈಕೊಟ್ಟಿತು. ಚಿತ್ತಾಪುರದ ರಸ್ತೆಯ ಬದಿ ಪೇರಿಸಿದ್ದ ಕಲ್ಲುಚಪ್ಪಡಿ, ಕಾಗಿಣಾದ ಸೇತುವೆ, ಬೇವಿನ ಮರ, ಎಲ್ಲವೂ ಚೆನ್ನಾಗೇ ಬಂದಿದ್ದವು. ಆದರೆ ಒಂದೊಂದು ಚಿತ್ರದ ನಡುವೆಯೂ ಒಂದೊಂದು ದುಂಡನೆಯ ಬಿಳಿ ಕಲೆ. ಹಳೆಯ ಕ್ಯಾಮೆರಾಗಳ ಬೆನ್ನಿಗೆ ನಂಬರು ನೋಡಲು ಒಂದು ಕೆಂಪು ಗಾಜಿನ ಕಿಂಡಿ ಇರುತ್ತದೆ. ಅಂದಿನ ಫಿಲ್ಮಿಗೆ ಕೆಂಪು ಬೆಳಕು ತಾಗುತ್ತಿರಲಿಲ್ಲ, ಇಂದಿನದಕ್ಕೆ ತಾಗುತ್ತದೆ. ಸೇಡಂನ ಬಿಸಿಲು ಆ ಕಿಂಡಿಯಿಂದಲೇ ಒಳಹೊಕ್ಕಿತ್ತು. "ಎಲ್ಲಾ ಫೋಟೋದಾಗೂ ಹುಣ್ಣಿಮಿ ಚಂದ್ರ ಬಂದಾನ ನೋಡವ್ವ," ಎಂದು ಅವನು ಪ್ರಮಿತಾಗೆ ಫೋನಿನಲ್ಲಿ ವರದಿ ಒಪ್ಪಿಸಿದ್ದ.

ಯಾಶಿಕಾಕ್ಕೆ ಅಂಥ ಕಿಂಡಿ ಇಲ್ಲ. ಅದರ ರೋಲಿನಲ್ಲಿ ಹನ್ನೆರಡು ಫೋಟೋ. ಒಂಬತ್ತನ್ನು ಅವನು ಕಲ್ಲಿಗೆ, ನೆರಳಿಗೆ, ಪಕ್ಕದ ಟೇಲರ್ ಅಲ್ಲಾವುದ್ದೀನನ ಹೊಲಿಗೆ ಮಷೀನಿಗೆ ಖರ್ಚು ಮಾಡಿದ್ದ. ಉಳಿದವು ಮೂರು.

"ಕಪ್ಪು-ಬಿಳಿ ಬರ್ತದಕ್ಕಾ, ಬಣ್ಣದ್ದಲ್ಲ," ಎಂದ.

"ನನಗೂ ಅದೇ ಬೇಕ್ರಿ. ಮನಿಯವರ ಬಾಜೂಕ ಹಾಕಾಕ. ಬಣ್ಣದ್ದು ಹಾಕಿದ್ರ ಅವರ ಮುಂದ ನಾ ನಾಟಕದಾಕಿ ಕಂಡಂಗ ಕಾಣ್ತೀನಿ."

ಎನ್ನುತ್ತ ಅವಳು ಚೀಲದಿಂದ ಟವೆಲ್ಲಿನಲ್ಲಿ ಸುತ್ತಿದ್ದ ಒಂದು ಕಟ್ಟು ತೆಗೆದಳು. ಆಧಾರ್ ಕಾರ್ಡು, ಪಿಂಚಣಿ ಪುಸ್ತಕದ ಜೊತೆಗೆ ಗಂಡನ ಫೋಟೋವನ್ನೂ ಹೊತ್ತು ತಂದಿದ್ದಳು. ಏನೇನು ಕೇಳುತ್ತಾರೋ, ಮತ್ತೆ ಯಾರು ತಿರುಗಾಡುತ್ತಾರೆ ಎಂದು. "ನೀವೇ ತೆಗೆದದ್ದು. ನೆನಪು ಇರ್ಲಿಕ್ಕಿಲ್ಲ."

ಟವೆಲ್ಲು ಬಿಚ್ಚಿದಾಗ ರೇವಣಸಿದ್ದಯ್ಯನ ಕೈ ಕ್ಯಾಮೆರಾದ ಮೇಲೆಯೇ ನಿಂತಿತು.

ನೆನಪಾಗದೇ ಏನು? ಮುಖ ನೆನಪಿರಲಿಲ್ಲ, ನಿಜ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಹಾರ, ಗೋಡೆಗೆ ಆನಿಸಿ ಕೂರಿಸಿದ ಮೈ. ಅಂಥವನ್ನು ಅವನು ನೂರಾರು ತೆಗೆದಿದ್ದ. ಲಿಂಗಾಯತರ ಮನೆಗಳಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣಿಗೊಯ್ಯುತ್ತಾರೆ. ಆಗೆಲ್ಲ ಎಷ್ಟೋ ಮಂದಿ ಬದುಕಿದ್ದಾಗ ಒಂದು ಫೋಟೋ ತೆಗೆಸಿರುತ್ತಿರಲಿಲ್ಲ. ಭಜನೆ ನಡೆದಿರುವಾಗಲೇ ಸ್ಟುಡಿಯೋಕ್ಕೆ ಆಳು ಓಡಿ ಬರುತ್ತಿತ್ತು. ಅವನು ಹೋಗಿ ತೆಗೆದು, ಪ್ರಿಂಟು ಹಾಕಿ, ಮುಚ್ಚಿದ ರೆಪ್ಪೆಗಳ ಮೇಲೆ ಸಣ್ಣ ಕುಂಚದಿಂದ ಕಣ್ಣು ಬರೆದು, ಅದರದೇ ಇನ್ನೊಂದು ಫೋಟೋ ತೆಗೆದು ಕೊಡುತ್ತಿದ್ದ. ಗೋಡೆಗೆ ಹಾಕಿದರೆ ಮನುಷ್ಯ ಎದ್ದು ಕೂತಂತೆ ಇರುತ್ತಿತ್ತು. ಅಣ್ಣತಮ್ಮಂದಿರ ಕಣ್ಣು ನೋಡಿ ಬರೆಯುವುದು ವಾಡಿಕೆ. ಯಾರೂ ಸಿಗದಿದ್ದರೆ ಅವನು ಕನ್ನಡಿಯ ಮುಂದೆ ನಿಂತು ತನ್ನವನ್ನೇ ನೋಡಿ ಬರೆದುಬಿಡುತ್ತಿದ್ದ. ಕುರಕುಂಟಾದಲ್ಲಿ, ರಾವೂರದಲ್ಲಿ, ಶಹಾಬಾದದ ಕಲ್ಲಿನ ಮನೆಗಳಲ್ಲಿ ಅವನ ಕಣ್ಣು ಎಷ್ಟು ಗೋಡೆಗಳ ಮೇಲಿವೆಯೋ ಅವನಿಗೇ ಲೆಕ್ಕವಿಲ್ಲ. ಹೆಂಡತಿಗೂ ಹೇಳಿರಲಿಲ್ಲ, ಮಗಳಿಗೂ ಇಲ್ಲ.

ಈ ಗ್ಯಾಂಗ್‌ಮನ್ ಚನ್ನಬಸಪ್ಪನ ಫೋಟೋದಿಂದ ಈಗ ನೋಡುತ್ತಿದ್ದವನು ಇಪ್ಪತ್ತಾರು ವರ್ಷದ ರೇವಣಸಿದ್ದಯ್ಯ.

"ಭಾಳ ಹಳೀದು," ಎಂದಷ್ಟೇ ಹೇಳಿ ಅವನು ಯಾಶಿಕಾದ ಮುಚ್ಚಳ ತೆರೆದು ತಲೆ ಬಗ್ಗಿಸಿದ. ಆ ಕ್ಯಾಮೆರಾದ ಒಂದು ಅನುಕೂಲ ಅದು. ಹೊಟ್ಟೆಯ ಮಟ್ಟಕ್ಕೆ ಹಿಡಿದು ಮೇಲಿನಿಂದ ಗಾಜು ನೋಡಬೇಕು. ಎದುರು ಕೂತವರಿಗೆ ಫೋಟೋಗ್ರಾಫರನ ನೆತ್ತಿ ಬಿಟ್ಟರೆ ಬೇರೇನೂ ಕಾಣದು.

ಗಾಜಿನ ಮೇಲೆ ಭಾಗಮ್ಮ ಮಸುಕಾಗಿ ಕಂಡಳು. ಅವನು ತನ್ನ ಒಂದು ಕಣ್ಣಿನ ಪೊರೆ ತೆಗೆಸಿದ್ದ, ಇನ್ನೊಂದರದು ಬಾಕಿ ಇತ್ತು. "ಅಲ್ಲಾವುದ್ದೀನಾ, ಜರಾ ಟೇಪ್ ಕೊಡು," ಎಂದು ಕೂಗಿದ.

ಅಲ್ಲಾವುದ್ದೀನ ಕೊರಳಿನ ಟೇಪು ಕೊಡುತ್ತ ಬಾಗಿಲಲ್ಲೇ ನಿಂತ. "ಏನ್ರಿ ಸ್ವಾಮಿ, ಅಮ್ಮಾರಿಗಿ ಕುಪ್ಪಸ ಹೊಲಿತೀರೇನು?"

"ಹೊಲೀಲಿ ಬಿಡಪಾ," ಎಂದಳು ಭಾಗಮ್ಮ, "ನೀ ಹೊಲಿದದ್ದು ಹೆಗಲಾಗ ಹಿಡೀತದಂತ ಎಲ್ಲಾರೂ ಅಂತಾರ."

ಅಲ್ಲಾವುದ್ದೀನ ನಾಲಿಗೆ ಕಚ್ಚಿಕೊಂಡು ಒಳಗೆ ಹೋದ. ರೇವಣಸಿದ್ದಯ್ಯ ಲೆನ್ಸಿನಿಂದ ಅವಳ ಮೂಗಿನ ತನಕ ಟೇಪು ಹಿಡಿದು ಅಳೆದ. ಅದೇ ಅಂತರಕ್ಕೆ ಲೆನ್ಸು ತಿರುಗಿಸಿದ. ಹತ್ತನೆಯದನ್ನು ಅಂಗಡಿಯ ಒಳಗೇ ತೆಗೆದ. ಭಾಗಮ್ಮ ಉಸಿರು ಹಿಡಿದು, ಕಣ್ಣು ಅಗಲಿಸಿ ಕೂತಿದ್ದಳು. ಕಟ್ ಎನ್ನಬೇಕಾದ ಶಟರು ಕರ್‌ರ್ ಎಂದು ಎಳೆಯಿತು. ಆ ಸದ್ದಿಗೇ ಅವನಿಗೆ ತಿಳಿಯಿತು. ಒಳಗಿನ ಹಳೆಯ ಎಣ್ಣೆ ಗಟ್ಟಿಯಾಗಿದೆ, ಕಡಿಮೆ ಬೆಳಕಿನ ವೇಗಕ್ಕೆ ಇದು ಆಗದು.

"ಹೊರಗ ಬರ್ರಿ ಅಕ್ಕ. ಬೆಳಕಿಗಿ ಕುಂದ್ರಿ."

ಕುರ್ಚಿ ಮೆಟ್ಟಿಲ ಮೇಲಿನ ತಗಡಿನ ನೆರಳಿಗೆ ಬಂತು. ಭಾಗಮ್ಮ ಗಂಡನ ಫೋಟೋವನ್ನೂ ತಂದು ಪಕ್ಕದ ಸ್ಟೂಲಿಗೆ ಆನಿಸಿದಳು, ಎರಡೂ ಜೋಡಿಯಾಗಿ ಹೊಂದಬೇಕಲ್ಲ ಎಂದು. ರೇವಣಸಿದ್ದಯ್ಯ ಮತ್ತೆ ಟೇಪು ಹಿಡಿದ. ಅಳೆಯುವಾಗ ಮುಖ ಮೇಲೆತ್ತಲೇಬೇಕಾಯಿತು.

"ಸ್ವಾಮ್ಯಾರ, ಒಂದು ಮಾತು ಕೇಳ್ಲೇನು? ಸಿಟ್ಟಿಗೇಳಬಾರ್ದು."

"ಕೇಳ್ರಿ."

"ಇವರ ಕಣ್ಣು ಯಾರದ್ರಿ?"

ರಸ್ತೆಯಲ್ಲಿ ಸಿಮೆಂಟಿನ ಲಾರಿಯೊಂದು ಹೋಯಿತು. ಅದು ದಾಟುವವರೆಗೆ ಕಾಯುವ ನೆವ ಸಿಕ್ಕಿತು ಅವನಿಗೆ.

"ಅವರದೇ. ಮತ್ಯಾರದು?"

"ಅಲ್ರಿ. ಲೈನಿನ ಕೆಲಸದಾಗ ಕಂಕರು ಕಲ್ಲು ಸಿಡಿದು ಅವರ ಎಡಗಣ್ಣಾಗ ಹೂ ಬಿದ್ದಿತ್ತು. ಬೆಳ್ಳಗ, ಜೋಳದ ಕಾಳಿನಷ್ಟು. ನಿಮಗ ಹ್ಯಾಂಗ ಗೊತ್ತಾಗಬೇಕು, ನೀವು ಬಂದಾಗ ಮುಚ್ಚಿತ್ತು. ಹೇಳೋ ಸ್ಥಿತಿಯಾಗ ನಾನೂ ಇದ್ದಿಲ್ಲ." ಸೆರಗಿನಿಂದ ಫೋಟೋದ ಗಾಜು ಒರೆಸಿದಳು. "ಮೊದಲಿಗಿ ತಿಂಗಳಗಟ್ಟಲೆ ಇದಕ್ಕ ಬೆನ್ನು ಮಾಡಿ ಮಲಗೀನ್ರಿ. ಯಾರೋ ಪರಗಂಡಸು ಮನ್ಯಾಗ ಕುಂತು ನೋಡಿದಂಗ ಆಗ್ತಿತ್ತು. ಆಮ್ಯಾಲ ರೂಢಿ ಆಯ್ತು. ಮಗಳ ಮದುವಿ, ಭಾವನ ಜಗಳ, ಎಲ್ಲಾ ಇವಕ್ಕೇ ಹೇಳೀನಿ. ನಲವತ್ತೊಂದು ವರ್ಷ ಆಯ್ತು, ಯಾರದಂತ ಗೊತ್ತಿಲ್ಲ. ನನ್ನ ಫೋಟೋಕ್ಕರ ನನ್ನ ಕಣ್ಣೇ ಇರ್ಲಿ ಅಂತ ಜೀವ ಇದ್ದಾಗ ತೆಗೀರಿ ಅಂದೆ."

ಅವಳು ಫೋಟೋದ ಕಡೆ ಹೊರಳಿ ನೋಡುತ್ತಿದ್ದಳು. ಯಾಕೆ ಎಂದು ಅವನಿಗೇ ತಿಳಿಯದೆ ಬೆರಳು ಒತ್ತಿಬಿಟ್ಟಿತು. ಹನ್ನೊಂದನೆಯದು ಅವಳ ಕಿವಿ, ತುರುಬಿಗೆ ಹೋಯಿತು.

ರೇವಣಸಿದ್ದಯ್ಯ ಕ್ಯಾಮೆರಾ ಕೊರಳಿಗೆ ಬಿಟ್ಟು, ಕನ್ನಡಕ ತೆಗೆದ. ತಲೆ ಬಗ್ಗಿಸಿ ನೆತ್ತಿಯ ಹಿಂದೆ ಇನ್ನು ಅಡಗಲಾಗದು ಅನ್ನಿಸಿತು.

"ನನ್ನವು ಅಕ್ಕ," ಎಂದ. "ಕನ್ನಡಿ ನೋಡಿ ಬರದೀನಿ. ತಪ್ಪಾಗ್ಯಾದ."

ಭಾಗಮ್ಮ ಅವನನ್ನು ನೋಡಿದಳು. ಫೋಟೋ ನೋಡಿದಳು. ಮತ್ತೆ ಅವನನ್ನು ನೋಡಿದಳು. ಜೋತುಬಿದ್ದ ರೆಪ್ಪೆ, ಒಂದು ಕಡೆ ಪೊರೆ, ಹುಬ್ಬಿನ ನರೆ, ಎಲ್ಲವನ್ನೂ ಸರಿಸಿ ಹಿಂದೆ ಏನಿದೆ ಎಂದು ಹುಡುಕುವವಳಂತೆ. ಒಳಗೆ ರಾಜೇಶ್ವರಿ ಝೆರಾಕ್ಸ್ ನಿಲ್ಲಿಸಿ ಕೇಳುತ್ತಿದ್ದಾಳೆಂದು ಅವನ ಬೆನ್ನಿಗೆ ಗೊತ್ತಾಗುತ್ತಿತ್ತು. ಸಿಟ್ಟಿಗೇಳುತ್ತಾಳೆ, ಎದ್ದು ಹೋಗುತ್ತಾಳೆ ಎಂದು ಕಾದ. ಸುಮ್ಮನೆ ನಿಲ್ಲಲಾರದೆ ಕೈ ತನ್ನಷ್ಟಕ್ಕೆ ಫಿಲ್ಮಿನ ಹಿಡಿ ತಿರುಗಿಸಿ ಕೊನೆಯದಕ್ಕೆ ತಂದಿಟ್ಟಿತು.

"ಅಂದ್ರ," ಎಂದಳು ಭಾಗಮ್ಮ ನಿಧಾನಕ್ಕೆ, "ನಲವತ್ತು ವರ್ಷ ನಾ ಬೈದದ್ದೆಲ್ಲಾ ನಿಮಗ ಬೈದಂಗಾಯ್ತೇನ್ರಿ?"

"ಬೈತಿದ್ರೇನು?"

"ದಿನಾ! ಸಣ್ಣ ಮಗಳನ್ನ ನನ್ನ ಕೈಗಿ ಕೊಟ್ಟು ಹೋದ್ಯಲ್ಲೋ ಹಾಟ್ಯಾ ಅಂತ, ಮುಂಜಾನಿ ರೊಟ್ಟಿ ಬಡಿಯೋವಾಗೆಲ್ಲಾ!"

ಹೇಳುತ್ತಲೇ ಅವಳಿಗೆ ನಗು ಬಂತು. ಸಣ್ಣ ನಗುವಲ್ಲ. ಮೈಯೆಲ್ಲ ಕುಲುಕಿ ಕುರ್ಚಿ ಕಿರುಗುಟ್ಟುವಂಥದು. ರೇವಣಸಿದ್ದಯ್ಯ ಗಾಜು ನೋಡಲಿಲ್ಲ, ಟೇಪು ಹಿಡಿಯಲಿಲ್ಲ. ಕ್ಯಾಮೆರಾ ಎತ್ತಿ ಒತ್ತಿದ. ಕಟ್ ಎಂದಿತು, ಮೊದಲಿನ ಹಾಗೆ.

ಬಸ್ಸಿಗೆ ಹೊತ್ತಾದಾಗ ಅವನು, "ಇವರನ್ನ ಇಲ್ಲೇ ಬಿಟ್ಟು ಹೋಗ್ರಿ. ಬರೋ ಸೋಮವಾರ ಎರಡೂ ಒಯ್ರಿ," ಎಂದ.

"ಬಿಡ್ತೀನಿ. ಒಂದು ವಾರ ನೀವೇ ನಿಮ್ಮನ್ನ ಬೈಕೋರಿ," ಎಂದು ಅವಳು ಖಾಲಿ ಟವೆಲ್ಲು ಮಡಚಿಕೊಂಡು ಹೋದಳು.

ಆ ಸಂಜೆ ರಾಜೇಶ್ವರಿ ಚಹದ ಲೋಟ ಕೈಗಿಡುತ್ತ, "ಅಪ್ಪಾ, ನಮ್ಮ ಅವ್ವನ ಫೋಟೋದಾಗಿನ ಕಣ್ಣು?" ಎಂದು ಕೇಳಿದಳು.

"ಅವು ಆಕೀವೇ. ಆಕಿ ಇದ್ದಾಗ ತೆಗೆದದ್ದು."

"ಹುಂ," ಎಂದು ಅವಳು ಲೋಟ ಎತ್ತಿಕೊಂಡು ಹೋದಳು, ಅವನು ಇನ್ನೂ ಅರ್ಧವೂ ಕುಡಿದಿರಲಿಲ್ಲ.

ಫಿಲ್ಮು ತೊಳೆದ ದಿನ ಹೊಸ ಸರಕಿನ ಬಗ್ಗೆ ಅವನು ವಹಿಯಲ್ಲಿ ಬರೆದದ್ದು ಹೀಗೆ: ಬಿಳಿ ಸುಡುವುದಿಲ್ಲ. ಕಲ್ಲಿನ ಬೂದು ಬಣ್ಣದಲ್ಲಿ ಐದಾರು ತರ ಕಾಣುತ್ತವೆ. ನೆರಳು ಹೆಚ್ಚು ಕಪ್ಪು, ತೊಳೆಯುವುದನ್ನು ಅರ್ಧ ನಿಮಿಷ ಕಡಿಮೆ ಮಾಡಿ ನೋಡಬೇಕು. ಮುಖದ ಚರ್ಮಕ್ಕೆ ಒಳ್ಳೆಯದು.

ಬರೆಯದೇ ಬಿಟ್ಟದ್ದು ಇನ್ನೊಂದಿತ್ತು. ಹತ್ತನೆಯದರಲ್ಲಿ ಕಣ್ಣು ತೆರೆದಿದ್ದವು, ಮುಖವೆಲ್ಲ ಹೊಗೆಯಂತೆ ಅಲುಗಿತ್ತು. ಹನ್ನೊಂದು ಬರೀ ತುರುಬು. ಹನ್ನೆರಡನೆಯದು ಕೂದಲು ಕೂದಲೂ ಎಣಿಸುವಷ್ಟು ಸ್ವಚ್ಛ. ಭಾಗಮ್ಮ ಬಾಯಿ ತೆರೆದು ನಗುತ್ತಿದ್ದಳು, ಎರಡು ಕಣ್ಣೂ ಗಟ್ಟಿಯಾಗಿ ಮುಚ್ಚಿದ್ದವು.

ರವಿವಾರ ಪ್ರಿಂಟಿನ ಕಾಗದ ತಂದ ಪ್ರಮಿತಾ, "ಅದಕ್ಯಾಕ ಇಷ್ಟು ಚಿಂತಿ ಕಾಕಾ? ಇನ್ನೊಂದು ರೋಲು ತರಸ್ತೀನಿ, ತಿಂಗಳದಾಗ ಬರ್ತದ," ಎಂದಳು.

ರೇವಣಸಿದ್ದಯ್ಯ ಖಾಲಿ ಯಾಶಿಕಾ ಎತ್ತಿ ಒತ್ತಿ ತೋರಿಸಿದ. ಸದ್ದು ಬರಲಿಲ್ಲ. ಹನ್ನೆರಡನೆಯದು ತೆಗೆದ ಮೇಲೆ ಅದು ಬಾಯಿ ಬಿಟ್ಟಿರಲಿಲ್ಲ. ಹೈದರಾಬಾದಿನ ರಿಪೇರಿಯವನಿಗೆ ಫೋನು ಮಾಡಿಯೂ ಆಗಿತ್ತು. ಸಾಮಾನು ಸಿಗುವುದಿಲ್ಲ, ಶೋಕೇಸಿಗಿಡಿ ಎಂದಿದ್ದ.

ಪ್ರಮಿತಾ ಹೋದ ಮೇಲೆ ಅವನು ಒಂದೇ ಅಳತೆಯ ಎರಡು ಪ್ರಿಂಟು ಹಾಕಿದ. ಚನ್ನಬಸಪ್ಪನ ಫೋಟೋವನ್ನು ಪಕ್ಕದಲ್ಲಿಟ್ಟುಕೊಂಡು ಕಪ್ಪು-ಬಿಳುಪಿನ ಹದ ಕೂಡಿಸಿದ. ಒಣಗಿದ ಮೇಲೆ, ಇಪ್ಪತ್ತು ವರ್ಷದಿಂದ ಮುಟ್ಟಿರದ ತಗಡಿನ ಡಬ್ಬಿ ತೆರೆದ. ನಾಲ್ಕೇ ಕೂದಲಿನ ಕುಂಚ ಇನ್ನೂ ನೆಟ್ಟಗಿತ್ತು. ಈ ಸಲ ಕನ್ನಡಿ ಬೇಕಿರಲಿಲ್ಲ. ಅವಳ ಕಣ್ಣು ಅವನಿಗೆ ಈಗ ಚೆನ್ನಾಗಿ ಗೊತ್ತಿತ್ತು, ಪಾಪೆಯ ಸುತ್ತಿನ ಬೂದು ಬಣ್ಣದ ಬಳೆಯೊಂದಿಗೆ. ಒಂದು ಪ್ರಿಂಟಿನ ಮೇಲೆ ಬರೆದ. ಕೆಲಸಕ್ಕೆ ಯಾರೂ ಹೆಸರಿಡುವಂತಿರಲಿಲ್ಲ. ಗೋಡೆಗೆ ಆನಿಸಿ ದೂರ ನಿಂತು ನೋಡಿದ. ಬಾಯಿ ನಗುತ್ತಿತ್ತು. ಕಣ್ಣು, ಬಾಗಿಲಿಗೆ ಬಂದ ಅಪರಿಚಿತನನ್ನು ಯಾರು ಬೇಕು ಎಂದು ಕೇಳುವಂತಿದ್ದವು.

ಸೋಮವಾರ ಭಾಗಮ್ಮ ಬಂದಾಗ ಎರಡನ್ನೂ ಕೌಂಟರಿನ ಮೇಲಿಟ್ಟ. ಹೊಸದಾಗಿ ಕೆಲಸ ಕಲಿತು ಮೊದಲ ಗಿರಾಕಿಯ ಮುಂದೆ ನಿಂತವನಂತೆ ಅವುಗಳ ಅಂಚನ್ನು ಎರಡೆರಡು ಸಲ ಸರಿಪಡಿಸಿದ.

ಅವಳು ಮೊದಲು ಕಣ್ಣು ತೆರೆದದ್ದನ್ನು ಎತ್ತಿಕೊಂಡಳು. ಬೆಳಕಿಗೆ ಹಿಡಿದಳು.

"ಇವ್ರು ಯಾರ್ರಿ?"

ರಾಜೇಶ್ವರಿ ಫಕ್ಕನೆ ನಕ್ಕು ಬಾಯಿಗೆ ಕೈ ಅಡ್ಡ ಹಿಡಿದಳು. ರೇವಣಸಿದ್ದಯ್ಯ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಬೋರಲು ಹಾಕಿದ. "ಖರೆ ಹೇಳ್ತೀನಿ ಅಕ್ಕ. ಬಂದದ್ದು ಇದೊಂದೇ," ಎಂದು ಇನ್ನೊಂದನ್ನು ಮುಂದೆ ಸರಿಸಿದ. "ಕ್ಯಾಮೆರಾನೂ ಕೆಟ್ಟುಹೋಯ್ತು. ನಿಮ್ಮ ಕಣ್ಣೇ ಇರ್ಲಿ ಅಂದಿದ್ರಿ. ಮುಚ್ಯಾವ."

ಭಾಗಮ್ಮ ತನ್ನ ನಗುವನ್ನು ಬಹಳ ಹೊತ್ತು ನೋಡಿದಳು. ಬೆರಳಿನಿಂದ ಮುಚ್ಚಿದ ರೆಪ್ಪೆಗಳನ್ನು ಮುಟ್ಟಿದಳು.

"ಮುಚ್ಚಿದ್ರ ಏನಾಯ್ತು? ಮುಚ್ಚಿದ್ದು ನಾನೇ ಅಲ್ಲೇನ್ರಿ?" ಎಂದಳು. "ಇದೇ ಕೊಡ್ರಿ."

ಅವನು ಲಕೋಟೆಗೆ ಹಾಕಿ ಕೊಟ್ಟ. ಆಮೇಲೆ ಚನ್ನಬಸಪ್ಪನ ಫೋಟೋ ತಂದು, ಗಾಜಿನ ಮೇಲೆ ಬೆರಳಿಟ್ಟು, "ಇವರ ಎಡಗಣ್ಣಿಗಿ ಹೂ ಬರದು ಕೊಡ್ಲೇನು? ಒಂದು ತಾಸಿನ ಕೆಲಸ," ಎಂದ.

"ಬ್ಯಾಡ್ರಿ. ನನ್ನ ಮಾತೆಲ್ಲಾ ಕೇಳ್ಯಾವ ಪಾಪ ಇವು. ಈಗ ಯಾಕ ಮಂಜು ಮಾಡ್ತೀರಿ?"

ಕುರಕುಂಟಾದ ಬಸ್ಸು ಬಂದು ನಿಂತಿತ್ತು. ಭಾಗಮ್ಮ ಲಕೋಟೆಯನ್ನು ಕುಪ್ಪಸದ ಹತ್ತಿರ ಒತ್ತಿ ಹಿಡಿದು, ಫೋಟೋವನ್ನು ಕಂಕುಳಲ್ಲಿ ಇರುಕಿಕೊಂಡು ರಸ್ತೆ ದಾಟಿದಳು. ಟವೆಲ್ಲು ತರುವುದನ್ನು ಈ ಸಲ ಮರೆತಿದ್ದಳು. ರೇವಣಸಿದ್ದಯ್ಯ ಮೆಟ್ಟಿಲ ಮೇಲೆ ಬಂದು ನಿಂತ. ಬಸ್ಸು ತುಂಬಿತ್ತು, ಕಿಟಕಿಯ ಪಕ್ಕ ಕೂತಿದ್ದ ಯಾರೋ ಅವಳ ಕೈಯಿಂದ ಫೋಟೋ ಇಸಿದುಕೊಂಡು ತಮ್ಮ ತೊಡೆಯ ಮೇಲೆ, ಹೊರಮುಖವಾಗಿ ಇಟ್ಟುಕೊಂಡರು. ಬಸ್ಸು ನಿಲ್ದಾಣ ಬಿಟ್ಟು ಅಂಗಡಿಯ ಮುಂದೆ ನಿಧಾನಕ್ಕೆ ಹೊರಳಿತು. ಕಿಟಕಿಯ ಸರಳುಗಳ ಹಿಂದಿನಿಂದ ಇಪ್ಪತ್ತಾರರ ಆ ಎರಡು ಕಣ್ಣು ಅವನನ್ನು ನೋಡುತ್ತ ಹೋದವು. ಧೂಳಿಗೆ ಅವನೇ ಮೊದಲು ರೆಪ್ಪೆ ಮುಚ್ಚಿದ.